ಎಂಟೂವರೆ ನಿಮಿಷ ಕಾಯಿಸುವ ಹಾಡು: ‘ವಿಶ್ ಯು ವರ್ ಹಿಯರ್’ ಕುರಿತು ಓದುಗರ ಪ್ರಶ್ನೆಗಳು

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ‘ವಿಶ್ ಯು ವರ್ ಹಿಯರ್’ ಆಲ್ಬಂ ಹೊರಬಂದದ್ದು 1975ರ ಸೆಪ್ಟೆಂಬರ್ 12ರಂದು. ಉದ್ದದ ಹಾಡು, ಹೊಸ ಸದ್ದುಗಳ ರಾಕ್ ಪ್ರಕಾರವಾದ ಪ್ರೋಗ್ರೆಸಿವ್ ರಾಕ್‌ನಲ್ಲಿ ವಿಷಾದ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಇದೊಂದು. ಅದರ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇನ್ನೂ ಕೇಳದವರಿಗಾಗಿ: ಆಲ್ಬಮ್ಮಿನಲ್ಲಿರುವುದು ಐದೇ ಟ್ರ್ಯಾಕು, ಒಟ್ಟು ಸುಮಾರು 44 ನಿಮಿಷ. ಮೊದಲು ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ನ ಒಂದರಿಂದ ಐದನೆಯ ಭಾಗ. ಆಮೇಲೆ ‘ವೆಲ್‌ಕಂ ಟು ದ ಮೆಷೀನ್’, ‘ಹ್ಯಾವ್ ಎ ಸಿಗಾರ್’, ಶೀರ್ಷಿಕೆಯ ಹಾಡು. ಕೊನೆಗೆ ಮತ್ತೆ ‘ಶೈನ್ ಆನ್’, ಆರರಿಂದ ಒಂಬತ್ತು.

ಪ್ರಶ್ನೆ: ಮೊದಲ ಹಾಡು ಹಾಕಿ ಎಷ್ಟು ಹೊತ್ತು ಕೂತರೂ ಯಾರೂ ಹಾಡುವುದಿಲ್ಲ. ಮೊಬೈಲು ಕೆಟ್ಟಿದೆಯೇನೋ ಅಂದುಕೊಂಡೆ. ಮುಂದಕ್ಕೆ ಓಡಿಸಿ ಕೇಳಿದರೆ ಏನಾದರೂ ನಷ್ಟವೇ? (ದಾವಣಗೆರೆಯ ಓದುಗರು)

ಉತ್ತರ: ನಷ್ಟವೇ. ಹಾಡುವ ದನಿ ಬರುವುದು ಎಂಟೂವರೆ ನಿಮಿಷ ಕಳೆದ ಮೇಲೆ. ಅಷ್ಟರಲ್ಲಿ ಆಗುವುದೇ ಈ ಆಲ್ಬಮ್ಮಿನ ಅರ್ಧ ಕೆಲಸ.

ಸದ್ದು ಶೂನ್ಯದಿಂದ ಮೆಲ್ಲಗೆ ಏಳುತ್ತದೆ. ಜಿ ಮೈನರ್‌ನ ಒಂದೇ ನೆಲೆ. ತಂಬೂರಿ ಮೀಟಿ ಬಿಟ್ಟಂತೆ ಅದು ಅಲ್ಲಾಡದೆ ನಿಂತಿರುತ್ತದೆ. ಅದರ ಮೇಲೆ ರಿಕ್ ರೈಟ್ ಅವರ ಮಿನಿಮೂಗ್ ಸಿಂಥಸೈಜರ್ ಕಹಳೆಯಂಥ ದನಿಯಲ್ಲಿ ಒಂದೆರಡು ಎಳೆ ಬಿಡಿಸುತ್ತದೆ. ಆಮೇಲೆ ಡೇವಿಡ್ ಗಿಲ್ಮೋರ್ ಗಿಟಾರು. ತಾಳ ಇನ್ನೂ ಇಲ್ಲ. ನಮ್ಮ ಕಿವಿಗೆ ಇದು ಆಲಾಪನೆ ಎಂದುಕೊಂಡರೆ ಸಲೀಸು: ಸಾಹಿತ್ಯಕ್ಕೆ ಮೊದಲು ಶ್ರುತಿ, ರಾಗದ ಮೈ, ಒಂದು ಕಾಯುವಿಕೆ.

ನಾಲ್ಕನೆಯ ನಿಮಿಷದ ಹತ್ತಿರ ಎಲ್ಲ ತಣ್ಣಗಾಗಿ ಗಿಟಾರಿನಲ್ಲಿ ನಾಲ್ಕೇ ಸ್ವರ ಕೇಳುತ್ತವೆ: ಬಿ ಫ್ಲ್ಯಾಟ್, ಎಫ್, ಜಿ, ಇ. ಜಿ ಅನ್ನು ಆಧಾರ ಷಡ್ಜ ಎಂದಿಟ್ಟುಕೊಳ್ಳಿ. ಆಗ ಇವು ಗ, ನಿ, ಸ, ಧ. ಗುಟ್ಟಿರುವುದು ಕೊನೆಯ ಧೈವತದಲ್ಲಿ. ಪಾಶ್ಚಾತ್ಯ ಮೈನರ್ ಸ್ಕೇಲು ನಮ್ಮ ನಟಭೈರವಿಯ ಸ್ವರಗಳದ್ದು, ಅಲ್ಲಿ ಶುದ್ಧ ಧೈವತ. ನಾಲ್ಕು ನಿಮಿಷದಿಂದ ಕಿವಿ ಅದಕ್ಕೆ ಒಗ್ಗಿರುತ್ತದೆ. ಇಲ್ಲಿ ಇದ್ದಕ್ಕಿದ್ದಂತೆ ಚತುಶ್ರುತಿ ಧೈವತ ಬಂದು, ಗಮಕವಿಲ್ಲದೆ, ಸುಮ್ಮನೆ ನೇತಾಡುತ್ತದೆ. ಆ ಕ್ಷಣಕ್ಕೆ ನಟಭೈರವಿ ಹೋಗಿ ಖರಹರಪ್ರಿಯದ ನೆರಳು. ಮನೆಯಲ್ಲಿ ಯಾರೂ ಕೂರದ ಕುರ್ಚಿಯೊಂದನ್ನು ಯಾರೋ ಸ್ವಲ್ಪ ಸರಿಸಿಟ್ಟ ಹಾಗೆ. ಆಮೇಲೆ ಡ್ರಮ್ಮು, ಬೇಸ್ ಸೇರಿ ಹಾಡು ನಿಜವಾಗಿ ನಡೆಯತೊಡಗುತ್ತದೆ. ಅಷ್ಟು ಹೊತ್ತು ಕಾಯದೆ ಈ ನಾಲ್ಕು ಸ್ವರ ಕೇಳಿದರೆ ಅವು ನಾಲ್ಕು ಸ್ವರ, ಅಷ್ಟೇ.

ಪ್ರಶ್ನೆ: ಸಿಡ್ ಬ್ಯಾರೆಟ್ ಸ್ಟುಡಿಯೊಗೆ ಬಂದದ್ದನ್ನು ನೋಡಿ ಈ ಹಾಡು ಬರೆದರು ಎಂದು ಗೆಳೆಯ ಹೇಳುತ್ತಾನೆ. ನಿಜವೇ? (ಮೈಸೂರು)

ಉತ್ತರ: ಬಂದದ್ದು ನಿಜ, ಅದನ್ನು ನೋಡಿ ಬರೆದದ್ದು ಸುಳ್ಳು. ಬ್ಯಾರೆಟ್ ತಂಡದ ಮೊದಲ ನಾಯಕ, ಗಾಯಕ, ಮುಖ್ಯ ಗೀತಕಾರ. ಮಾನಸಿಕ ಸ್ಥಿತಿ ಹದಗೆಟ್ಟು 1968ರಲ್ಲಿ ತಂಡದಿಂದ ಹೊರಬಿದ್ದವರು. ಅವರನ್ನು ಕುರಿತ ‘ಶೈನ್ ಆನ್’ ರೂಪುಗೊಂಡದ್ದು 1974ರ ಆರಂಭದಲ್ಲಿ, ಲಂಡನ್ನಿನ ಕಿಂಗ್ಸ್ ಕ್ರಾಸ್‌ನ ರಿಹರ್ಸಲ್ ಕೋಣೆಯಲ್ಲಿ. ಅದೇ ವರ್ಷ ಫ್ರಾನ್ಸಿನ ಮತ್ತು ಬ್ರಿಟನ್ನಿನ ವೇದಿಕೆಗಳಲ್ಲಿ ನುಡಿಸಿಯೂ ಆಗಿತ್ತು.

ಬ್ಯಾರೆಟ್ ಆಬಿ ರೋಡ್ ಸ್ಟುಡಿಯೊಗೆ ಹೇಳದೆ ಕೇಳದೆ ಬಂದದ್ದು 1975ರ ಜೂನಿನಲ್ಲಿ. ಆಗ ವಯಸ್ಸು 29. ಮೈ ಊದಿತ್ತು, ತಲೆ ಬೋಳಿಸಿತ್ತು, ಹುಬ್ಬೂ ಇರಲಿಲ್ಲ. ಜೊತೆಯಲ್ಲಿ ಬೆಳೆದವರಿಗೇ ಮೊದಲು ಗುರುತು ಸಿಗಲಿಲ್ಲ. ಗುರುತು ಸಿಕ್ಕ ಮೇಲೆ ತಂಡದ ಬೇಸ್ ವಾದಕ, ಗೀತಕಾರ ರಾಜರ್ ವಾಟರ್ಸ್ ಕಣ್ಣೀರು ಹಾಕಿದರು. ಆ ದಿನಗಳಲ್ಲಿ ಸ್ಟುಡಿಯೊದಲ್ಲಿ ಕೈಯಲ್ಲಿದ್ದದ್ದು ಅವರದ್ದೇ ಹಾಡು. ಇಂಥ ಕಾಕತಾಳೀಯವನ್ನು ಕತೆಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಬ್ಯಾರೆಟ್ ತೀರಿಕೊಂಡದ್ದು 2006ರ ಜುಲೈಯಲ್ಲಿ.

ಆದರೆ ಇಡೀ ಆಲ್ಬಮ್ಮು ಒಬ್ಬ ಬ್ಯಾರೆಟ್ ಮೇಲೆ ಎಂದುಕೊಂಡರೂ ತಪ್ಪಾಗುತ್ತದೆ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಮಿತಿಮೀರಿ ಗೆದ್ದ ಮೇಲೆ ನಾಲ್ವರಿಗೂ ಇನ್ನೇನು ಮಾಡುವುದು ಎಂಬ ಬೇಸರ ಹಿಡಿದಿತ್ತು. 1975ರ ಜನವರಿಯಲ್ಲಿ ಸ್ಟುಡಿಯೊಗೆ ಬಂದರೂ ಮನಸ್ಸು ಬಂದಿರಲಿಲ್ಲ. ‘ಶೈನ್ ಆನ್’ ಜೊತೆ ಇನ್ನೆರಡು ಉದ್ದದ ಹಾಡುಗಳು ವೇದಿಕೆಯಲ್ಲಿ ಆಗಲೇ ಸಿದ್ಧವಾಗಿದ್ದವು; ಅವನ್ನೇ ರೆಕಾರ್ಡ್ ಮಾಡೋಣ ಎಂದರು ಗಿಲ್ಮೋರ್. ವಾಟರ್ಸ್ ಒಪ್ಪಲಿಲ್ಲ. ‘ಶೈನ್ ಆನ್’ ಅನ್ನು ಎರಡಾಗಿ ಸೀಳಿ ಎರಡು ತುದಿಗೆ ಇಟ್ಟು, ನಡುವೆ ‘ಇಲ್ಲದಿರುವಿಕೆ’ಯ ಮೇಲೆ ಹೊಸ ಹಾಡು ಸೇರಿಸೋಣ ಎಂಬುದು ಅವರ ವಾದ. ಅದೇ ಗೆದ್ದಿತು. ಬಿಟ್ಟ ಎರಡು ಹಾಡುಗಳು ಹೆಸರು ಬದಲಿಸಿಕೊಂಡು 1977ರ ‘ಅನಿಮಲ್ಸ್’ನಲ್ಲಿ ಬಂದವು. ಹಾಗಾಗಿ ಇಲ್ಲಿನ ಗೈರುಹಾಜರಿ ಬ್ಯಾರೆಟ್‌ದು ಮಾತ್ರವಲ್ಲ, ಸ್ಟುಡಿಯೊದಲ್ಲಿ ಇದ್ದೂ ಇಲ್ಲದಂತಿದ್ದ ನಾಲ್ವರದ್ದೂ.

ಪ್ರಶ್ನೆ: ಪ್ರೋಗ್ರೆಸಿವ್ ರಾಕ್ ಎಂದರೆ ಕಷ್ಟದ ತಾಳ, ಮಿಂಚಿನ ವೇಗದ ಕೈಚಳಕ ಅಲ್ಲವೇ? ಇದರಲ್ಲಿ ಅವೆರಡೂ ಕಾಣಲಿಲ್ಲ. ಆ ಪ್ರಕಾರಕ್ಕೆ ಇದನ್ನು ಸೇರಿಸುವುದು ಹೇಗೆ? (ಧಾರವಾಡ)

ಉತ್ತರ: ಒಳ್ಳೆಯ ಪ್ರಶ್ನೆ, ಏಕೆಂದರೆ ಆಲ್ಬಮ್ಮಿನ ಸ್ಥಾನವೇ ಇದರಲ್ಲಿದೆ.

1975ರ ಹೊತ್ತಿಗೆ ಆ ಪ್ರಕಾರದ ಪರಿಸ್ಥಿತಿ ನೋಡಿ. 1969ರಲ್ಲಿ ಕಿಂಗ್ ಕ್ರಿಮ್ಸನ್ ಮೊದಲ ಆಲ್ಬಮ್ಮಿನಲ್ಲೇ ಮೆಲೊಟ್ರಾನಿನ (ಟೇಪಿನಲ್ಲಿ ಹಿಡಿದಿಟ್ಟ ದನಿಗಳನ್ನು ನುಡಿಸುವ ಕೀಬೋರ್ಡು) ಅಳುಮುಖದ ತಂತಿವಾದ್ಯದ ದನಿಯನ್ನು ರಾಕ್‌ನೊಳಗೆ ಗಟ್ಟಿಯಾಗಿ ನೆಟ್ಟಿತ್ತು. ಆಮೇಲೆ ಎಲ್ಲವೂ ಉದ್ದಕ್ಕೆ, ಅಗಲಕ್ಕೆ ಬೆಳೆಯಿತು. ಯೆಸ್ ತಂಡ 1973ರ ಕೊನೆಗೆ ನಾಲ್ಕು ಮಗ್ಗುಲಿಗೆ ನಾಲ್ಕೇ ಹಾಡಿನ ಜೋಡಿ ಆಲ್ಬಂ ತಂದಿತು. ಜೆನೆಸಿಸ್ 1974ರ ನವೆಂಬರಿನಲ್ಲಿ ಜೋಡಿ ಎಲ್‌ಪಿಯಲ್ಲಿ ಒಂದು ಇಡೀ ಕತೆ ಹೇಳಿತು. ಮರುವರ್ಷ ಅದರ ಗಾಯಕ ಪೀಟರ್ ಗೇಬ್ರಿಯಲ್ ತಂಡ ಬಿಟ್ಟರು. ಕಿಂಗ್ ಕ್ರಿಮ್ಸನ್ 1974ರ ಶರತ್ಕಾಲದಲ್ಲಿ ತಾನೇ ಬಾಗಿಲು ಹಾಕಿಕೊಂಡಿತು. ಹಬ್ಬ ಮುಗಿದು ಶಾಮಿಯಾನ ಬಿಚ್ಚುವ ಹೊತ್ತು. ಅಂಥ ಹೊತ್ತಿಗೆ ಬಂದ ಆಲ್ಬಂ ಇದು.

ರಚನೆಯಲ್ಲಿ ಇದು ಅಪ್ಪಟ ಪ್ರೋಗ್: ಒಂಬತ್ತು ಭಾಗದ, ಒಟ್ಟು 26 ನಿಮಿಷದ ಒಂದೇ ಕೃತಿ, ಆಲ್ಬಂ ಪೂರ್ತಿ ಒಂದೇ ವಸ್ತು, ಸ್ಟುಡಿಯೊವನ್ನೇ ವಾದ್ಯವಾಗಿ ಬಳಸುವ ಹಟ. ‘ಮೆಷೀನ್’ನಲ್ಲಿ ತಾಳ ಮುರಿಯುವ ಜಾಗಗಳೂ ಇವೆ, ಎಣಿಸಿ ನೋಡಿ. ಆದರೆ ‘ಶೈನ್ ಆನ್’ ಬಹುಪಾಲು ನಿಧಾನದ 6/8, ತಿಶ್ರದ ತೂಗು. ಉಳಿದ ತಂಡಗಳು ಉದ್ದವನ್ನು ಹೆಚ್ಚು ಸ್ವರ ತುಂಬಲು ಬಳಸಿದರೆ, ಇವರು ಅದೇ ಉದ್ದವನ್ನು ಸ್ವರಗಳ ನಡುವೆ ಜಾಗ ಬಿಡಲು ಬಳಸಿದರು. ನಮ್ಮ ಮಟ್ಟಿಗೆ ಈ ಆಲ್ಬಮ್ಮಿನ ಕೊಡುಗೆ ಇಷ್ಟೇ, ಮತ್ತು ಇದು ಸಣ್ಣದಲ್ಲ. ಇಲ್ಲಿನ ದುಃಖ ಸಾಹಿತ್ಯದಲ್ಲಿರುವುದಕ್ಕಿಂತ ಖಾಲಿ ಬಿಟ್ಟ ಜಾಗದಲ್ಲಿದೆ. ಮುಂದೆ ವಿಷಾದದ ಪ್ರೋಗ್ ಎಂದು ಬಂದದ್ದರಲ್ಲಿ ಬಹಳಷ್ಟು ಈ ಬಾಗಿಲಿನಿಂದಲೇ ಒಳಗೆ ಬಂತು.

ಬಿಡುಗಡೆಯಾದಾಗ ವಿಮರ್ಶಕರೆಲ್ಲ ಹೊಗಳಲಿಲ್ಲ. ನಿರ್ಜೀವ ಎಂಬ ದೂರೂ ಇತ್ತು. ಜನ ಆ ಮಾತಿಗೆ ಕಿವಿಗೊಡಲಿಲ್ಲ: ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ರೈಟ್ ಮತ್ತು ಗಿಲ್ಮೋರ್ ಇಬ್ಬರೂ ತಮ್ಮ ಆಲ್ಬಮ್ಮುಗಳಲ್ಲಿ ಇದೇ ಮೆಚ್ಚಿನದು ಎಂದಿದ್ದಾರೆ.

ಪ್ರಶ್ನೆ: ‘ಹ್ಯಾವ್ ಎ ಸಿಗಾರ್’ ಹಾಡಿದವರು ಯಾರು? ದನಿ ಬೇರೆ ಅನ್ನಿಸುತ್ತದೆ. (ಹಾಸನ)

ಉತ್ತರ: ನಿಮ್ಮ ಕಿವಿ ಚುರುಕಾಗಿದೆ. ಅದು ಇಂಗ್ಲೆಂಡಿನ ಗಾಯಕ, ಗೀತಕಾರ ರಾಯ್ ಹಾರ್ಪರ್. ಅದೇ ಆಬಿ ರೋಡಿನಲ್ಲಿ ಅವರೂ ತಮ್ಮ ಆಲ್ಬಂ ಮಾಡುತ್ತಿದ್ದರು. ‘ಶೈನ್ ಆನ್’ ಹಾಡಿ ಹಾಡಿ ವಾಟರ್ಸ್ ಗಂಟಲು ಸೋತಿತ್ತು, ಗಿಲ್ಮೋರ್ ಹಾಡಲು ಒಲ್ಲೆ ಎಂದರು. ಹೀಗೆ ಹೊರಗಿನವರ ದನಿ ಬಂತು. ಹಾಡುತ್ತಿರುವುದು ಸಂಗೀತ ಕಂಪನಿಯ ದೊಡ್ಡ ಮನುಷ್ಯನ ಮಾತು: ಸಿಗಾರು ಕೊಟ್ಟು, ಬೆನ್ನು ತಟ್ಟಿ, ನಿಮ್ಮಲ್ಲಿ ‘ಪಿಂಕ್’ ಯಾರಪ್ಪ ಎಂದು ಕೇಳುವವನು. ಆ ಹೆಸರಿನವರು ತಂಡದಲ್ಲಿ ಯಾರೂ ಇರಲಿಲ್ಲ. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕನ್ ಬ್ಲೂಸ್ ಕಲಾವಿದರ ಹೆಸರು ಜೋಡಿಸಿ ಬ್ಯಾರೆಟ್ ಇಟ್ಟದ್ದು. ತಾನೇ ಹಾಡಬೇಕಿತ್ತು ಎಂದು ವಾಟರ್ಸ್ ಆಮೇಲೆ ಕೈ ಹಿಸುಕಿಕೊಂಡರು. ನಮಗಂತೂ ಹಾರ್ಪರ್ ದನಿಯ ಒರಟೇ ಸರಿ ಎನಿಸುತ್ತದೆ.

ಪ್ರಶ್ನೆ: ಶೀರ್ಷಿಕೆ ಹಾಡಿನ ಶುರುವಿನ ಗಿಟಾರು ಹಳೆಯ ರೇಡಿಯೊದಿಂದ ಬಂದ ಹಾಗಿದೆ. ಮನೆಯಲ್ಲಿ ಹಾಗೆ ರೆಕಾರ್ಡ್ ಮಾಡಲು ಬರುತ್ತದೆಯೇ? ನನ್ನಲ್ಲಿರುವುದು ಆರು ತಂತಿಯ ಗಿಟಾರು. (ಮಂಗಳೂರು)

ಉತ್ತರ: ಬರುತ್ತದೆ. ಮೊದಲು ಅಲ್ಲಿ ಏನಾಗುತ್ತಿದೆ ನೋಡೋಣ. ‘ಸಿಗಾರ್’ ಕೊನೆಯಲ್ಲಿ ಇಡೀ ಬ್ಯಾಂಡು ಒಮ್ಮೆಲೇ ಕುಗ್ಗಿ ರೇಡಿಯೊ ಡಬ್ಬಿಯೊಳಗೆ ಹೋಗುತ್ತದೆ. ಯಾರೋ ಸ್ಟೇಷನ್ ತಿರುಗಿಸುತ್ತಾರೆ: ಮಾತು, ಗರಗರ, ಚೈಕಾವ್‌ಸ್ಕಿಯ ನಾಲ್ಕನೆಯ ಸಿಂಫನಿಯ ಒಂದು ತುಣುಕು, ಆಮೇಲೆ 12 ತಂತಿಯ ಗಿಟಾರು. ಆ ರೇಡಿಯೊ ತುಣುಕುಗಳು ಗಿಲ್ಮೋರ್ ಅವರ ಕಾರಿನ ರೇಡಿಯೊದಿಂದ ಹಿಡಿದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಗಿಟಾರು ಪೂರ್ಣ ದನಿಯಲ್ಲಿ ಪಕ್ಕದಲ್ಲೇ ಕೇಳುತ್ತದೆ, ಕೋಣೆಯಲ್ಲಿ ಒಬ್ಬನೇ ಕೂತ ಹುಡುಗ ರೇಡಿಯೊ ಜೊತೆ ನುಡಿಸುತ್ತಿರುವಂತೆ. ಅವನು ಕೆಮ್ಮುವುದೂ ಕೇಳುತ್ತದೆ.

ಕೈ ಇಡುವ ಬಗೆ: ಉಂಗುರ ಬೆರಳು ಎರಡನೆಯ ತಂತಿಯ 3ನೇ ಫ್ರೆಟ್ಟಿನಲ್ಲಿ, ಕಿರುಬೆರಳು ಮೊದಲನೆಯ ತಂತಿಯ 3ನೇ ಫ್ರೆಟ್ಟಿನಲ್ಲಿ. ಪೀಠಿಕೆ ಮುಗಿಯುವವರೆಗೆ ಇವೆರಡನ್ನು ಎತ್ತಬಾರದು. ಕೆಳಗೆ ಉಳಿದೆರಡು ಬೆರಳು ಮಾತ್ರ ಓಡಾಡಿ ಇ ಮೈನರ್ 7, ಜಿ, ಎ 7 ಸಸ್ 4 ಕಾರ್ಡುಗಳನ್ನು ಮಾಡುತ್ತವೆ. ಮೇಲಿನ ಡಿ ಮತ್ತು ಜಿ ಬದಲಾಗದೆ ಮೊಳಗುತ್ತಲೇ ಇರುತ್ತವೆ. ಹಾಡಿಗೆ ಆ ತಂಬೂರಿ ಗುಣ ಬರುವುದು ಅಲ್ಲಿಂದ. ಬಹಳ ಜನ ಪ್ರತಿ ಕಾರ್ಡಿಗೂ ಕೈ ಪೂರ್ತಿ ಎತ್ತುತ್ತಾರೆ, ಮೊಳಗು ಕಡಿಯುತ್ತದೆ, ಆಮೇಲೆ ಗಿಟಾರನ್ನು ಬೈಯುತ್ತಾರೆ.

ರೇಡಿಯೊ ದನಿಗೆ: ಆ ಟ್ರ್ಯಾಕನ್ನು ಮೊನೊ ಮಾಡಿ. ಈಕ್ವಲೈಜರಿನಲ್ಲಿ 300 ಹರ್ಟ್ಜ್ ಕೆಳಗಿನದನ್ನೂ 3,500ರಿಂದ 4,000 ಹರ್ಟ್ಜ್ ಮೇಲಿನದನ್ನೂ ಕಡಿದಾದ ಇಳಿಜಾರಿನಲ್ಲಿ ಕತ್ತರಿಸಿ. ಮೀಡಿಯಂ ವೇವ್ ರೇಡಿಯೊ ಮೇಲಿನ ಕಂಪನಗಳನ್ನು ಒಯ್ಯುವುದಿಲ್ಲ, ಪುಟ್ಟ ಸ್ಪೀಕರಿಗೆ ಕೆಳಗಿನವು ಬಾರವು; ನೀವು ಮಾಡುತ್ತಿರುವುದು ಇವೆರಡು ಮಿತಿಗಳ ನಕಲು. ಹಿಂದೆ ತೆಳುವಾಗಿ ಗರಗರ ಸೇರಿಸಿ. 500ರಿಂದ 2,500ರವರೆಗೆ ಮಾತ್ರ ಉಳಿಸಿಕೊಂಡರೆ ರೇಡಿಯೊ ಹೋಗಿ ಟೆಲಿಫೋನಾಗುತ್ತದೆ. ಡಿಸ್ಟಾರ್ಷನ್ ಹೆಚ್ಚಿದರೆ ಒಡೆದ ಲೌಡ್‌ಸ್ಪೀಕರು. ಎರಡನೆಯ ಗಿಟಾರಿಗೆ ಏನನ್ನೂ ಹಾಕಬೇಡಿ, ರಿವರ್ಬ್ ಕೂಡ ಬೇಡ. ಅದು ಬರಿಯ ಕೋಣೆಯ ದನಿಯಲ್ಲಿದ್ದರೇ ಮೊದಲನೆಯದು ದೂರ ಅನ್ನಿಸುವುದು.

12 ತಂತಿ ಇಲ್ಲದಿದ್ದರೆ ಒಂದು ಉಪಾಯ. ಒಮ್ಮೆ ಮಾಮೂಲಿಯಾಗಿ ನುಡಿಸಿ ರೆಕಾರ್ಡ್ ಮಾಡಿ. ಆಮೇಲೆ ದಪ್ಪನೆಯ ನಾಲ್ಕು ತಂತಿ ತೆಗೆದು, 12 ತಂತಿಯ ಸೆಟ್ಟಿನಲ್ಲಿ ಬರುವ ತೆಳು ಜೋಡಿತಂತಿಗಳನ್ನು ಹಾಕಿ ಒಂದು ಸ್ಥಾಯಿ ಮೇಲಕ್ಕೆ ಶ್ರುತಿ ಮಾಡಿ ಅದನ್ನೇ ಮತ್ತೆ ನುಡಿಸಿ. ಎರಡನ್ನೂ ಸೇರಿಸಿದರೆ 12 ತಂತಿಯೇ. ಮೇಲಿನ ಜಿ ತಂತಿ ಎಲ್ಲಕ್ಕಿಂತ ಎತ್ತರದ ಶ್ರುತಿಯದು, ಎಲ್ಲಕ್ಕಿಂತ ತೆಳು, ಮೊದಲು ತುಂಡಾಗುವುದೂ ಅದೇ. ಎಲ್ಲವನ್ನೂ ಒಂದು ಸ್ವರ ಇಳಿಸಿ 2ನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರೆ ಉಳಿಯುತ್ತದೆ. ನಿಮ್ಮೂರಿನ ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿ ತಂತಿ ಎತ್ತರವಾಗುವುದು ಬೇರೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇಡಿ, ನುಡಿಸಿ ಮುಗಿದ ಕೂಡಲೇ ಮುಚ್ಚಿ.

ಪ್ರಶ್ನೆ: ಆರಂಭದಲ್ಲಿ ಗಾಜಿನ ಲೋಟ ನುಡಿಸಿದ್ದಾರಂತೆ. ನಮ್ಮ ಜಲತರಂಗದ ಹಾಗೆಯೇ? ಮಾಡಿ ನೋಡುವ ಆಸೆ. (ಶಿರಸಿ)

ಉತ್ತರ: ನೀರಿನ ಲೆಕ್ಕ ಅದೇ, ನುಡಿಸುವ ಬಗೆ ಬೇರೆ. ಜಲತರಂಗದಲ್ಲಿ ಬಟ್ಟಲಿಗೆ ಕಡ್ಡಿಯಿಂದ ತಟ್ಟುತ್ತೇವೆ. ಇಲ್ಲಿ ಒದ್ದೆ ಬೆರಳನ್ನು ಲೋಟದ ಅಂಚಿನ ಮೇಲೆ ಸುತ್ತಿಸುವುದು. ‘ಡಾರ್ಕ್ ಸೈಡ್’ ಆದ ಮೇಲೆ ತಂಡ ವಾದ್ಯಗಳನ್ನೇ ಬಿಟ್ಟು ರಬ್ಬರ್ ಬ್ಯಾಂಡು, ಬಾಟಲಿಯಂಥ ಮನೆಸಾಮಾನುಗಳಿಂದಲೇ ಒಂದು ಆಲ್ಬಂ ಮಾಡಲು ಹೊರಟಿತ್ತು. ಅದು ಅರ್ಧಕ್ಕೇ ನಿಂತಿತು. ಅದರಲ್ಲಿ ಉಳಿದು ಬಳಕೆಗೆ ಬಂದದ್ದು ಲೋಟದ ಈ ದನಿ; ‘ಶೈನ್ ಆನ್’ ಬಾಯಿ ತೆರೆಯುವಾಗ ಸಿಂಥಸೈಜರ್ ಜೊತೆ ಬೆರೆತಿದೆ.

ಬೇಕಾದದ್ದು ಕಾಲಿರುವ, ತೆಳು ಗೋಡೆಯ ವೈನ್ ಗ್ಲಾಸು ಮೂರು. ಕಾಫಿ ಹೋಟೆಲಿನ ದಪ್ಪ ಲೋಟ ದನಿ ಕೊಡುವುದಿಲ್ಲ. ಲೋಟವನ್ನೂ ಬೆರಳನ್ನೂ ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಬೆರಳು ಅಂಚನ್ನು ಹಿಡಿದು, ಜಾರಿ, ಮತ್ತೆ ಹಿಡಿದು ಗಾಜನ್ನು ಅಲುಗಿಸುತ್ತದೆ. ಪಿಟೀಲಿನ ಕಮಾನಿಗೆ ರಾಳ ಹಚ್ಚುವುದೂ ಈ ಹಿಡಿತಕ್ಕೇ. ಕೊಬ್ಬರಿ ಎಣ್ಣೆಯ ಪಸೆ ಇದ್ದರೆ ಬೆರಳು ಸುಮ್ಮನೆ ಜಾರುತ್ತದೆ, ದನಿಯೇ ಏಳದು. ಒಂದು ಕೈಯಲ್ಲಿ ಲೋಟದ ಪಾದವನ್ನು ಮೇಜಿಗೆ ಒತ್ತಿ ಹಿಡಿದು, ಇನ್ನೊಂದರಿಂದ ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ಹಗುರವಾಗಿ ಸುತ್ತಿಸಿ. ಕಿರ್ ಎಂದರೆ ಒತ್ತಡ ಹೆಚ್ಚಾಯಿತು ಎಂದರ್ಥ.

ಜಿ ಮೈನರ್‌ಗೆ ಜಿ, ಬಿ ಫ್ಲ್ಯಾಟ್, ಡಿ ಬೇಕು. ಅಂದರೆ ಸ, ಗ, ಪ. ಮೊಬೈಲಿನ ಟ್ಯೂನರ್ ಸಾಕು. ನೀರು ಹಾಕಿದಷ್ಟೂ ಗಾಜಿನ ಗೋಡೆಗೆ ಭಾರ ಹೆಚ್ಚಿ ಕಂಪನ ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ. ಏರಿಸಲು ದಾರಿಯಿಲ್ಲ, ಆದ್ದರಿಂದ ಖಾಲಿಯಿದ್ದಾಗ ಬೇಕಾದ ಸ್ವರಕ್ಕಿಂತ ಮೇಲಿರುವ ಲೋಟವನ್ನೇ ಆರಿಸಿ. ತಳದಲ್ಲಿ ನೀರು ಸುರಿದಾಗ ಸ್ವರ ಅಷ್ಟಾಗಿ ಕದಲದು. ಅರ್ಧ ದಾಟಿದ ಮೇಲೆ ಬೇಗಬೇಗ ಇಳಿಯುತ್ತದೆ, ಆಗ ಚಮಚದಲ್ಲಿ ಹಾಕಿ. ಫ್ಯಾನು ನಿಲ್ಲಿಸಿ, ಮೈಕನ್ನು ಒಂದು ಗೇಣು ದೂರ ಇಟ್ಟು, ಒಂದೊಂದು ಲೋಟವನ್ನೂ ಬೇರೆಬೇರೆಯಾಗಿ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಬೆರಳು ಹತ್ತುವ ಸದ್ದಿರುವ ಮೊದಲ ಎರಡು ಸೆಕೆಂಡು ಕತ್ತರಿಸಿ. ಮೂರನ್ನೂ ಒಂದರ ಮೇಲೊಂದು ಹಾಸಿ, ಮೆಲ್ಲಗೆ ಏರಿಸಿ ಇಳಿಸಿ. ಸ್ವಲ್ಪ ಅಪಶ್ರುತಿ ಉಳಿದರೆ ತಿದ್ದಲು ಹೋಗಬೇಡಿ; ಆ ಅಲೆಯಂಥ ನಡುಕವೇ ಚಂದ.

ಪ್ರಶ್ನೆ: ಯಾವ ಆವೃತ್ತಿ ಕೊಳ್ಳಬೇಕು? ಆ್ಯಪ್‌ನಲ್ಲಿ ಕೇಳುವಾಗ ಹಾಡುಗಳ ನಡುವೆ ತುಂಡಾಗುತ್ತದೆ. (ಬೆಂಗಳೂರು)

ಉತ್ತರ: ಮೊದಲು ತುಂಡಾಗುವುದನ್ನು ಸರಿಮಾಡಿ, ಅದಕ್ಕೆ ದುಡ್ಡು ಬೇಡ. ಇಲ್ಲಿನ ಹಾಡುಗಳು ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಲಿದವು. ಸೆಟ್ಟಿಂಗ್ಸ್‌ನಲ್ಲಿ ಗ್ಯಾಪ್‌ಲೆಸ್ ಹಾಕಿ, ಕ್ರಾಸ್‌ಫೇಡ್ ಮತ್ತು ಶಫಲ್ ತೆಗೆಯಿರಿ. ವಾಲ್ಯೂಮ್ ನಾರ್ಮಲೈಸೇಷನ್ ಇದ್ದರೆ ಆರಿಸಿ, ಅಥವಾ ಆಲ್ಬಂ ಲೆಕ್ಕದಲ್ಲಿರಲಿ. ಹಾಡಿನ ಲೆಕ್ಕದಲ್ಲಿದ್ದರೆ ಮೆಲುದನಿಯ ಹಾಡನ್ನು ಎತ್ತಿ, ಜೋರಿನದ್ದನ್ನು ಇಳಿಸಿ, ತಂಡ ಕಷ್ಟಪಟ್ಟು ಇಟ್ಟ ಏರಿಳಿತವನ್ನು ಮಟ್ಟಸ ಮಾಡಿಬಿಡುತ್ತದೆ.

ಸಿಡಿ ಬೇಕಿದ್ದರೆ ಎಂಜಿನಿಯರ್ ಜೇಮ್ಸ್ ಗತ್ರಿ ಮೇಲ್ವಿಚಾರಣೆಯ 2011ರ ರೀಮಾಸ್ಟರ್ ಸಾಕು. ಅದೇ ವರ್ಷದ ಸೂಪರ್ ಆಡಿಯೊ ಸಿಡಿಯಲ್ಲಿ ಗತ್ರಿ ಮಾಡಿದ 5.1 (ಸುತ್ತಲೂ ಇಟ್ಟ ಸ್ಪೀಕರುಗಳಿಗಾಗಿ) ಮಿಕ್ಸ್ ಇದೆ. ಮಾಮೂಲಿ ಪ್ಲೇಯರಿನಲ್ಲಿ ಸಿಡಿ ಪದರದ ಸ್ಟೀರಿಯೊ ಮಾತ್ರ ಬರುತ್ತದೆ, ತಿಳಿದು ಕೊಳ್ಳಿ. 2011ರ ಎಕ್ಸ್‌ಪೀರಿಯನ್ಸ್ ಆವೃತ್ತಿಯಲ್ಲಿ ಶೀರ್ಷಿಕೆ ಹಾಡಿಗೆ ಪಿಟೀಲು ವಿದ್ವಾಂಸ ಸ್ಟೆಫಾನ್ ಗ್ರಪೆಲಿ ನುಡಿಸಿದ ಟೇಕ್ ಸಿಗುತ್ತದೆ. ಯಹೂದಿ ಮೆನುಹಿನ್ ಜೊತೆ ರೆಕಾರ್ಡಿಂಗಿಗೆಂದು ಗ್ರಪೆಲಿ ಅದೇ ಕಟ್ಟಡದಲ್ಲಿದ್ದರು, ಕರೆದು ನುಡಿಸಿದರು. ಮೂಲ ಆಲ್ಬಮ್ಮಿನ ಮಿಕ್ಸಿನಲ್ಲಿ ಅದು ಮುಳುಗಿಹೋಗಿತ್ತು.

ಹಳೆಯ ಎಲ್‌ಪಿ ಕೊಳ್ಳುವವರು ಮೊದಲ ಮಗ್ಗುಲಿನ ಮೊದಲೆರಡು ನಿಮಿಷವನ್ನು ಅಂಗಡಿಯಲ್ಲೇ ಕೇಳಿ. ಅಷ್ಟು ಮೆಲ್ಲಗಿನ ಜಾಗದಲ್ಲಿ ಪ್ರತಿ ಗೀರೂ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತದೆ. ಗುಂಯ್ ಎಂಬ ಸದ್ದು ಬಂದರೆ ತಟ್ಟೆಯ ತಪ್ಪಲ್ಲ, ಟರ್ನ್‌ಟೇಬಲ್ಲಿನ ಅರ್ತ್ ವೈರು ನೋಡಿ.

ಪ್ರಶ್ನೆ: ಕವರಿನಲ್ಲಿ ಬೆಂಕಿ ಹತ್ತಿದ ಮನುಷ್ಯ ಕಂಪ್ಯೂಟರ್ ಕೆಲಸವೇ? (ತುಮಕೂರು)

ಉತ್ತರ: ನಿಜವಾದ ಬೆಂಕಿ. ಸ್ಟಾರ್ಮ್ ಥಾರ್ಗರ್ಸನ್ ಅವರ ಹಿಪ್‌ನೋಸಿಸ್ ಸಂಸ್ಥೆಯ ಕಲ್ಪನೆ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನ ವಾರ್ನರ್ ಬ್ರದರ್ಸ್ ಸ್ಟುಡಿಯೊ ಆವರಣದಲ್ಲಿ ರಾನಿ ರಾಂಡೆಲ್, ಡ್ಯಾನಿ ರಾಜರ್ಸ್ ಎಂಬ ಇಬ್ಬರು ಸ್ಟಂಟ್ ಕಲಾವಿದರು ಕೈ ಕುಲುಕಿದ್ದು. ರಾಂಡೆಲ್ ಸೂಟಿನೊಳಗೆ ಬೆಂಕಿ ತಡೆಯುವ ಉಡುಪು ಇತ್ತು, ಮೀಸೆಗೆ ಇರಲಿಲ್ಲ. ಗಾಳಿ ತಿರುಗಿ ಜ್ವಾಲೆ ಮುಖಕ್ಕೆ ಬಂದು ಮೀಸೆ ಸುಟ್ಟಿತು. ಇಬ್ಬರೂ ಜಾಗ ಬದಲಿಸಿ ತೆಗೆಸಿಕೊಂಡ ಚಿತ್ರವನ್ನು ಆಮೇಲೆ ಎಡಬಲ ತಿರುಗಿಸಲಾಯಿತು. ಇಷ್ಟೆಲ್ಲ ಮಾಡಿ ಅಂಗಡಿಗೆ ಕಳಿಸುವಾಗ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಮುಚ್ಚಿಟ್ಟರು, ಮೇಲೆ ಯಂತ್ರದ ಕೈಗಳು ಕುಲುಕುವ ಒಂದು ಸ್ಟಿಕ್ಕರು. ಆಲ್ಬಂ ಇಲ್ಲದಿರುವಿಕೆಯ ಬಗ್ಗೆ, ಕವರೂ ಇಲ್ಲದಂತಿರಲಿ ಎಂದು.

ಪ್ರಶ್ನೆ: ಕಾಲೇಜು ಹಬ್ಬದಲ್ಲಿ ನಾವು ನಾಲ್ವರು ‘ಶೈನ್ ಆನ್’ ನುಡಿಸಬೇಕೆಂದಿದ್ದೇವೆ. ನಮಗೆ ಸಿಕ್ಕಿರುವುದು ಒಂಬತ್ತು ನಿಮಿಷ. ಗಿಟಾರು, ಬೇಸ್, ಡ್ರಮ್ಮು, ಒಂದು ಕೀಬೋರ್ಡು. ಸ್ಯಾಕ್ಸೊಫೋನ್ ಇಲ್ಲ. (ಬೆಳಗಾವಿ)

ಉತ್ತರ: ಕತ್ತರಿ ಹೀಗೆ ಹಾಕಿ: ಪೀಠಿಕೆ ಒಂದೂವರೆ ನಿಮಿಷ, ನಾಲ್ಕು ಸ್ವರದ ಕರೆ ಒಂದು ನಿಮಿಷ, ಬ್ಯಾಂಡು ಸೇರಿದ ಮೇಲೆ ಒಂದು ಗಿಟಾರ್ ಸೋಲೊ ಎರಡು ನಿಮಿಷ, ಉಳಿದದ್ದು ಹಾಡು. ಮೂಲದಲ್ಲಿ ಹಾಡಿನ ನಂತರ ಡಿಕ್ ಪ್ಯಾರಿ ಮೊದಲು ಬ್ಯಾರಿಟೋನ್, ಆಮೇಲೆ ಟೆನರ್ ಸ್ಯಾಕ್ಸ್ ನುಡಿಸುತ್ತಾರೆ. ನೀವು ಅದನ್ನು ಪೂರ್ತಿ ಬಿಟ್ಟುಬಿಡಿ. ಕೀಬೋರ್ಡಿನ ಸ್ಯಾಕ್ಸ್ ದನಿಯಲ್ಲಿ ನುಡಿಸಿದರೆ ಮದುವೆ ಆರತಕ್ಷತೆಯ ಆರ್ಕೆಸ್ಟ್ರಾ ಆಗುತ್ತದೆ.

ನಾಲ್ಕು ಸ್ವರಕ್ಕೆ ಸುಲಭದ ಜಾಗ: ಮೂರನೆಯ ತಂತಿ 3ನೇ ಫ್ರೆಟ್, ಮೊದಲನೆಯ ತಂತಿ 1ನೇ ಫ್ರೆಟ್, ಮೂರನೆಯ ತಂತಿ ಖಾಲಿ, ಮೊದಲನೆಯ ತಂತಿ ಖಾಲಿ. ಕೊನೆಯ ಎರಡೂ ಒಟ್ಟಿಗೆ ಮೊಳಗಲಿ, ಅಂಗೈ ತಾಗಿಸಿ ಸಾಯಿಸಬೇಡಿ. ಮೂರನೆಯ ತಂತಿ ಬೇಗ ಶ್ರುತಿ ಬಿಡುತ್ತದೆ. ವೇದಿಕೆ ಏರುವ ಮುಂಚೆ ಅದನ್ನೇ ಇನ್ನೊಮ್ಮೆ ನೋಡಿ. ಕುತ್ತಿಗೆ ಕಡೆಯ ಪಿಕಪ್, ಕ್ಲೀನ್ ದನಿ, ಸ್ವಲ್ಪ ಕಂಪ್ರೆಸರ್, ಡಿಲೇ 400ರಿಂದ 450 ಮಿಲಿಸೆಕೆಂಡು, ಮೂರು ಮರುದನಿ, ಮಿಶ್ರಣ ಶೇ. 20 ದಾಟದಿರಲಿ. ದಾಟಿದರೆ ಇ ಮೇಲೆ ಹಳೆಯ ಬಿ ಫ್ಲ್ಯಾಟ್ ಬಂದು ಕೂತು ರಾಡಿಯಾಗುತ್ತದೆ.

ಕೀಬೋರ್ಡನ್ನು ಎರಡಾಗಿ ಸ್ಪ್ಲಿಟ್ ಮಾಡಿ: ಎಡಗೈಗೆ ನಿಧಾನ ಏರುವ ಸ್ಟ್ರಿಂಗ್ಸ್, ಬಲಗೈಗೆ ಮಿನಿಮೂಗ್ ಥರದ ದನಿ. ಸಸ್ಟೇನ್ ಪೆಡಲು ಎಡಕ್ಕೆ ಮಾತ್ರ ಅನ್ವಯಿಸಲಿ. ಎರಡಕ್ಕೂ ಇದ್ದರೆ ಬಲಗೈಯ ಸ್ವರಗಳು ಒಂದಕ್ಕೊಂದು ಅಂಟುತ್ತವೆ. ಡ್ರಮ್ಮಿನವರು ಆರು ಮಾತ್ರೆ ಎಣಿಸಿ ನಾಲ್ಕನೆಯದರಲ್ಲಿ ಸ್ನೇರ್ ಹೊಡೆದು ಸುಮ್ಮನಿರಬೇಕು. ಈ ಹಾಡು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹೆದರಿಕೆಗೆ ಲಯ ಓಡುತ್ತದೆ. ಮೆಟ್ರೊನೋಮನ್ನು ಸಣ್ಣ ಮಾತ್ರೆಗೆ ಇಟ್ಟು ಅಭ್ಯಾಸ ಮಾಡಿ, ದೊಡ್ಡದಕ್ಕಿಟ್ಟರೆ ನಡುವಿನ ಖಾಲಿಯಲ್ಲೇ ಕಾಲು ಜಾರುವುದು. ಪಲ್ಲವಿಗೆ ಹಿಂದೆ ಹಾಡುವ ಇಬ್ಬರು ಹುಡುಗಿಯರನ್ನು ಹುಡುಕಿಕೊಳ್ಳಿ. ಮೂಲದಲ್ಲಿ ವೆನೆಟ್ಟಾ ಫೀಲ್ಡ್ಸ್, ಕಾರ್ಲೀನಾ ವಿಲಿಯಮ್ಸ್ ಅದನ್ನು ಎತ್ತಿ ನಿಲ್ಲಿಸಿದ್ದಾರೆ.

ತಪ್ಪಾದರೆ ಬೇಜಾರು ಬೇಡ. ಆಬಿ ರೋಡಿನಲ್ಲಿ ವಾಟರ್ಸ್ ಮತ್ತು ಡ್ರಮ್ಮರ್ ನಿಕ್ ಮೇಸನ್ ಗಂಟೆಗಟ್ಟಲೆ ಬೆವರು ಸುರಿಸಿ ಮಾಡಿದ ಇದೇ ಹಾಡಿನ ಹಿನ್ನೆಲೆಯ ಮೇಲೆ, ಆ ಸ್ಟುಡಿಯೊ ಯಂತ್ರಕ್ಕೆ ಹೊಸಬರಾಗಿದ್ದ ಎಂಜಿನಿಯರ್ ಕೈತಪ್ಪಿ ಎಕೋ ಅಚ್ಚೊತ್ತಿಬಿಟ್ಟು, ಎಲ್ಲವನ್ನೂ ಮೊದಲಿನಿಂದ ನುಡಿಸಬೇಕಾಯಿತು.

ಪ್ರಶ್ನೆ: ಈ ಹಾಡುಗಳನ್ನು ಬೆಂಗಳೂರಿನಲ್ಲಿ ಯಾರಾದರೂ ನುಡಿಸಿದ್ದರೇ? (ಕೋಲಾರ)

ಉತ್ತರ: 2002ರ ಏಪ್ರಿಲಿನಲ್ಲಿ ರಾಜರ್ ವಾಟರ್ಸ್ ತಮ್ಮ ಸ್ವಂತ ತಂಡದೊಂದಿಗೆ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ಕೊಟ್ಟರು.

ಪ್ರಶ್ನೆ: ಇದೇ ಬಗೆಯ ವಿಷಾದ ಇನ್ನೆಲ್ಲಿ ಸಿಗುತ್ತದೆ? (ಉಡುಪಿ)

ಉತ್ತರ: ಹಿಂದಕ್ಕೆ ಹೋಗುವುದಾದರೆ ಕಿಂಗ್ ಕ್ರಿಮ್ಸನ್ನಿನ ‘ರೆಡ್’ (1974), ಅದರ ಕೊನೆಯ ‘ಸ್ಟಾರ್‌ಲೆಸ್’. ಹನ್ನೆರಡು ನಿಮಿಷದ ಹಾಡಿನ ನಡುವೆ 13 ಮಾತ್ರೆಯ ಆವರ್ತನದ ಮೇಲೆ ಗಿಟಾರು ಒಂದೇ ಸ್ವರವನ್ನು ಮೀಟುತ್ತ ಮೀಟುತ್ತ ಎದೆ ಬಿಗಿಸುತ್ತದೆ. ಅದೇ ವರ್ಷದ ರಾಬರ್ಟ್ ವ್ಯಾಟ್ ಅವರ ‘ರಾಕ್ ಬಾಟಮ್’ ಕೂಡ: 1973ರಲ್ಲಿ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಡ್ರಮ್ಮರ್ ಮಾಡಿದ ಆಲ್ಬಂ, ನಿರ್ಮಾಪಕರು ನಿಕ್ ಮೇಸನ್.

ಮುಂದಕ್ಕೆ ಬಂದರೆ ಸ್ವೀಡನ್ನಿನ ಅನೆಕ್‌ಡೋಟನ್ ತಂಡದ 1993ರ ‘ವೇಮೂಡ್’. ಹೆಸರಿನ ಅರ್ಥವೇ ವಿಷಾದ, ಮೆಲೊಟ್ರಾನ್ ಧಾರಾಳ. ಅದೇ ದೇಶದ ಓಪೆತ್ ಮೆಟಲ್ ಸಂಗೀತದ ಅಬ್ಬರಕ್ಕೆ ಹೆಸರಾದ ತಂಡ. 2003ರ ‘ಡ್ಯಾಮ್ನೇಷನ್’ನಲ್ಲಿ ಅಬ್ಬರವನ್ನೆಲ್ಲ ಹೊರಗಿಟ್ಟು ಮೆಲುದನಿಯಲ್ಲಿ ಹಾಡಿದೆ, ಜೊತೆಗಿದ್ದವರು ಪೊರ್ಕ್ಯುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್. ಒಂದೇ ಒಂದನ್ನು ಹೇಳಿ ಎಂದರೆ ನಾವು ಇದನ್ನೇ ಹೇಳುವುದು. ಆದರೆ ಒಂದು ವ್ಯತ್ಯಾಸವಿದೆ: ಇವುಗಳಲ್ಲಿ ದುಃಖ ಕೋಣೆ ತುಂಬುತ್ತದೆ, ಫ್ಲಾಯ್ಡ್‌ನಲ್ಲಿ ಕೋಣೆ ಖಾಲಿಯಾಗುತ್ತದೆ.

ಪ್ರಶ್ನೆ: ಒಂಬತ್ತನೆಯ ಭಾಗದ ಕೊನೆಯಲ್ಲಿ ಎಲ್ಲ ಮುಳುಗುತ್ತಿರುವಾಗ ಬೇರೆ ಯಾವುದೋ ಮಟ್ಟು ಸುಳಿದ ಹಾಗಾಗುತ್ತದೆ. ಭ್ರಮೆಯೇ? (ಚಿಕ್ಕಮಗಳೂರು)

ಉತ್ತರ: ಭ್ರಮೆಯಲ್ಲ. ಆ ಭಾಗ ರಿಕ್ ರೈಟ್ ಅವರದ್ದು, ಹೆಚ್ಚೂಕಡಿಮೆ ಶವಯಾತ್ರೆಯ ನಡೆ. ಮೈನರ್‌ನಲ್ಲಿ ನಡೆದದ್ದು ಕಡೆಗೆ ಮೇಜರ್ ಕಾರ್ಡಿಗೆ ತಿರುಗುತ್ತದೆ. ಕೊನೆಯ ಅರ್ಧ ನಿಮಿಷವನ್ನು ಹೆಡ್‌ಫೋನಿನಲ್ಲಿ, ದನಿ ಏರಿಸಿ ಕೇಳಿ. ಸದ್ದು ಅಳಿಯುತ್ತ ಬಂದ ಹಾಗೆ ಮಿನಿಮೂಗ್‌ನಲ್ಲಿ ಒಂದು ತುಣುಕು ಮಟ್ಟು ಹಾದುಹೋಗುತ್ತದೆ. ಅದು ‘ಸೀ ಎಮಿಲಿ ಪ್ಲೇ’, 1967ರಲ್ಲಿ ಸಿಡ್ ಬ್ಯಾರೆಟ್ ಬರೆದು ಹಾಡಿದ್ದು.